ಚೇಂಬರ್ಸ್ ಬೇಯಲ್ಲಿ ಚೆಂಡನ್ನು ನೆಲಕ್ಕೆ ಬಿಡಿ

ಬೆಂಗಳೂರಿನಲ್ಲಿ ಗಾಲ್ಫ್ ಕಲಿತು ಅಮೆರಿಕದ ಸಿಯಾಟಲ್ ಕಡೆ ಬಂದವರಿಗೆ ಚೇಂಬರ್ಸ್ ಬೇ ಗಾಲ್ಫ್ ಕೋರ್ಸ್ ಮೇಲೆ ಒಂದು ಕಣ್ಣು ಇದ್ದೇ ಇರುತ್ತೆ. ಟಿಕೆಟ್ ತಗೊಂಡು ಯಾರು ಬೇಕಾದರೂ ಆಡಬಹುದು, ಮೆಂಬರ್ ಆಗಬೇಕಿಲ್ಲ. ಆದರೆ ನಮ್ಮೂರಿನ ಆಟ ಇಲ್ಲಿ ನಡೆಯಲ್ಲ.

1876ರ ಬೆಂಗಳೂರು ಗಾಲ್ಫ್ ಕ್ಲಬ್ ಮುಂದೆ ಇದು ನಿನ್ನೆ ಮೊನ್ನೆಯದು. ಶುರುವಾಗಿದ್ದು 2007ರಲ್ಲಿ. ಅದಕ್ಕೂ ಮೊದಲು ಇಲ್ಲಿ ಮರಳು, ಜಲ್ಲಿ ತೆಗೆಯುತ್ತಿದ್ದರು. ಆ ಗುಂಡಿಯೊಳಗೇ ಕೋರ್ಸ್ ವಿನ್ಯಾಸಕ ರಾಬರ್ಟ್ ಟ್ರೆಂಟ್ ಜೋನ್ಸ್ ಜೂನಿಯರ್ ತಂಡ ದಿಬ್ಬ, ತಗ್ಗು ಮಾಡಿ ಸ್ಕಾಟ್ಲೆಂಡ್ ಕಡಲತೀರದ ಕೋರ್ಸ್‌ಗಳ ಥರ ಕಟ್ಟಿತು. ಮರ ಒಂದೇ ಒಂದು, 15ನೇ ಗ್ರೀನ್ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಹಿಂದೆ. ಹಾಗಾಗಿ ಗಾಳಿಗೆ ತಡೆಯೇ ಇಲ್ಲ.

ಕೆಳಗೆ ಮರಳು, ಗ್ರೀನ್ ತನಕದ ಹಾದಿಯಾದ ಫೇರ್‌ವೇ ಮೇಲೆ ಫೆಸ್ಕ್ಯೂ ಅನ್ನುವ ಸಣ್ಣ ಎಳೆಯ ಹುಲ್ಲು. ನೀರು ನಿಲ್ಲಲ್ಲ. ಬೇಸಿಗೆಯಲ್ಲಿ ಮಳೆಯೂ ಕಮ್ಮಿ, ನೆಲ ಗಟ್ಟಿ. ನಮ್ಮ ಮಳೆಗಾಲದಲ್ಲಿ ಬಿದ್ದಲ್ಲೇ ಕೂರುವ ಚೆಂಡು ಇಲ್ಲಿ ಬಿದ್ದ ಮೇಲೇ ಓಟ ಶುರು ಮಾಡುತ್ತೆ. ಆದ್ದರಿಂದ ಕುಳಿಯ ಬಾವುಟಕ್ಕೆ ಗುರಿ ಇಡಬೇಡಿ. ಗ್ರೀನ್‌ಗೆ ಮೊದಲೇ ಚೆಂಡು ಎಲ್ಲಿ ಬೀಳಬೇಕು, ಅಲ್ಲಿಂದ ಇಳಿಜಾರು ಅದನ್ನು ಎತ್ತ ಒಯ್ಯುತ್ತೆ ಅಂತ ನೋಡಿ. ಎಷ್ಟೋ ಗ್ರೀನ್‌ಗಳ ಪಕ್ಕದ ದಿಬ್ಬಗಳು ಚೆಂಡನ್ನು ಒಳಕ್ಕೆ ತಿರುಗಿಸುತ್ತವೆ. ಬಾವುಟದಿಂದ ದೂರ ಹೊಡೆದು ಹತ್ತಿರ ತರುವ ಆಟ ಇದು. ಅದರ ಮಜಾನೇ ಬೇರೆ.

ಗ್ರೀನ್ ಹೊರಗೆ ಬಿದ್ದರೆ ಕೈ ತಾನಾಗಿ ಚೆಂಡನ್ನು ಎತ್ತರಕ್ಕೆ ಎತ್ತುವ 60 ಡಿಗ್ರಿ ವೆಡ್ಜ್ ಕೋಲಿಗೆ ಹೋಗುತ್ತೆ ಅಲ್ವಾ? ಬೇಡ. ಹುಲ್ಲು ತೆಳು, ಚೆಂಡಿನ ಕೆಳಗೆ ಜಾಗ ಇರಲ್ಲ. ವೆಡ್ಜ್ ನೆಲಕ್ಕೆ ತಗುಲಿ ಪುಟಿದು ಚೆಂಡಿನ ಹೊಟ್ಟೆಗೇ ಹೊಡೆಯುತ್ತೆ, ಚೆಂಡು ಗ್ರೀನ್ ದಾಟಿ ಆಚೆ. ಇಪ್ಪತ್ತು ಗಜದಿಂದಲೂ ಪಟರ್ (ಚೆಂಡನ್ನು ನೆಲದ ಮೇಲೇ ಉರುಳಿಸುವ, ಅಂದರೆ ಪಟ್ ಮಾಡುವ ಕೋಲು) ತಗೊಳ್ಳಿ. ನಡುವೆ ಏರು ಇದ್ದರೆ 7 ಐರನ್ ಅನ್ನುವ ಕೋಲು: ಚೆಂಡನ್ನು ಬಲಗಾಲಿನ ಹತ್ತಿರ ಇಟ್ಟು, ಮಣಿಕಟ್ಟು ಅಲುಗಿಸದೆ ಪಟ್ ಮಾಡಿದ ಹಾಗೇ ತಳ್ಳಿ. ಗೋಲಿ ಆಡಿದವರಿಗೆ ಈ ಅಂದಾಜು ಬೇಗ ಸಿಗುತ್ತೆ. ಎಡಗೈ ಆಟಗಾರರು ಕಾಲು ಬದಲಿಸಿಕೊಳ್ಳಿ.

9ನೇ ಹೋಲ್ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು), ಮೊದಲ ಹೊಡೆತ ಹೊಡೆಯುವ ಟೀಯಿಂದ ಗ್ರೀನ್ ಸುಮಾರು 100 ಅಡಿ ಕೆಳಗೆ. ಗಾಳಿ ಇಲ್ಲದಿದ್ದರೆ ಕಮ್ಮಿ ದೂರ ಹೊಡೆಯುವ ಕೋಲು ಸಾಕು. ಎದುರು ಗಾಳಿ ಇದ್ದರೆ ಆ ಲೆಕ್ಕ ಮರೆತುಬಿಡಿ, ಚೆಂಡು ಜಾಸ್ತಿ ಹೊತ್ತು ಮೇಲೇ ಇರುತ್ತೆ.

ತೀರಾ ಹಿಂದಿನ ಟೀಗಳಿಂದ ಇಡೀ ಕೋರ್ಸ್ 7,500 ಗಜಕ್ಕೂ ಜಾಸ್ತಿ. ಸುಮ್ನೆ ಜಂಬಕ್ಕೆ ಅಲ್ಲಿಂದ ಆಡಬೇಡಿ. ಆರೋಗ್ಯದ ಕಾರಣ ಇಲ್ಲದವರಿಗೆ ಗಾಡಿಯೂ ಇಲ್ಲ, ಏರು ಇಳಿತ ಎಲ್ಲ ನಡಿಗೆಯೇ. ಹಳೇ ಶೂ ಹಾಕಿಕೊಂಡು ಬನ್ನಿ.

ಪಟ್ ಮಾಡುವಾಗ ಇಲ್ಲೇ ನಡೆದ 2015ರ ಯು.ಎಸ್. ಓಪನ್ ಪಂದ್ಯಾವಳಿ ನೆನಪಿರಲಿ. ಕೊನೇ ಹೋಲ್‌ನಲ್ಲಿ ಡಸ್ಟಿನ್ ಜಾನ್ಸನ್ ಕೈಯಲ್ಲಿ ಸುಮಾರು 12 ಅಡಿಯ ಪಟ್ ಇತ್ತು. ಹೋದರೆ ಗೆಲುವು, ಎರಡರಲ್ಲಿ ಮುಗಿಸಿದರೆ ಸಮ, ಮರುದಿನ ಪ್ಲೇಆಫ್. ಮೊದಲನೆಯದು ಕುಳಿ ದಾಟಿ ಕೆಲವು ಅಡಿ ಮುಂದೆ ಹೋಯಿತು, ವಾಪಸ್ಸಿನದೂ ತಪ್ಪಿತು. ಒಂದೇ ಹೊಡೆತದ ಅಂತರದಲ್ಲಿ ಜೋರ್ಡನ್ ಸ್ಪೀತ್ ಗೆದ್ದರು. ಅವತ್ತಿನ ಗ್ರೀನ್‌ಗಳಲ್ಲಿ ಚೆಂಡು ಕುಪ್ಪಳಿಸುತ್ತೆ ಅಂತ ಆಟಗಾರರು ಬೈದಿದ್ದರು. ಆಮೇಲೆ ಅವುಗಳ ಹುಲ್ಲನ್ನೇ ಬದಲಿಸಿದರು, ಈಗ ನಯವಾಗಿವೆ. ಆದರೂ ಚೆಂಡನ್ನು ಕುಳಿಯ ಕೆಳಬದಿಗೆ ನಿಲ್ಲಿಸಿ. ಏರಿಗೆ ಪಟ್ ಮಾಡುವಾಗ ಧೈರ್ಯವಾಗಿ ಹೊಡೆಯಬಹುದು.

ಅದೇ 18ರ ಫೇರ್‌ವೇ ಮಧ್ಯದಲ್ಲಿ 'ಬೇಸ್‌ಮೆಂಟ್' ಅಂತ ಕರೆಯುವ ಬಂಕರ್ (ಮರಳು ಗುಂಡಿ) ಇದೆ. ಆಳ ಹತ್ತು ಅಡಿಯಷ್ಟು. ಒಳಗೆ ನಿಂತರೆ ಗ್ರೀನ್ ಕಾಣಲ್ಲ. ಎರಡನೇ ಹೊಡೆತಕ್ಕೆ ಮುಂಚೆ ಅದು ಎಲ್ಲಿದೆ ಅಂತ ಬ್ಯಾಗ್ ಹೊರುವ ಕ್ಯಾಡಿಯನ್ನು ಕೇಳಿ, ಚೆಂಡು ಅದಕ್ಕಿಂತ ಮೊದಲೇ ನಿಲ್ಲುವಂತೆ ಹೊಡೆಯಿರಿ. ಬಿದ್ದೇಬಿಟ್ಟರೆ ಗ್ರೀನ್ ಆಸೆ ಬಿಟ್ಟು, ಗೋಡೆ ಎಲ್ಲಿ ಗಿಡ್ಡ ಇದೆಯೋ ಆ ಕಡೆಗೆ ಎತ್ತಿ.