ಹೊಸ ಸೆಮಿಸ್ಟರ್: ಕ್ಲಾಸು, ಕೆಲ್ಸ, ಪ್ರೀತಿ ಮೂರನ್ನೂ ಲಾಸ್ಟ್ ಬಸ್ಸಿನೊಳಗೆ ಹೊಂದಿಸೋದು ಹೇಗೆ

ಶಿವಮೊಗ್ಗದಲ್ಲಿ ಡಿಗ್ರಿ ಓದೋರಲ್ಲಿ ಸುಮಾರು ಜನ ಊರಿನೋರಲ್ಲ, ಆಯನೂರು, ರಿಪ್ಪನ್‌ಪೇಟೆ, ತೀರ್ಥಹಳ್ಳಿ, ಭದ್ರಾವತಿ ಕಡೆಯಿಂದ ದಿನಾ ಬಂದು ಹೋಗೋರು, ಇಲ್ಲಾ ವಿನೋಬನಗರದ ಕಡೆ ಎಲ್ಲೋ ರೂಮ್ ಮಾಡ್ಕೊಂಡಿರೋರು. ಅದ್ರಲ್ಲಿ ಎಷ್ಟೋ ಜನ ಸಂಜೆ ಅಂಗಡಿ ಕೆಲ್ಸಕ್ಕೂ ಹೋಗ್ತಾರೆ, ಜೊತೆಗೆ ಪ್ರೀತಿ ಅನ್ನೋದು ಟೈಮ್‌ಟೇಬಲ್ ನೋಡ್ಕೊಂಡು ಬರಲ್ವಲ್ಲ. ಈ ಮೂರೂ ಇರೋರು ಸೆಮಿಸ್ಟರ್ ಶುರುವಾದ ಮೊದಲನೇ ವಾರದಲ್ಲೇ ಮಾಡ್ಕೋಬೇಕಾದ್ದು ಒಂದಿಷ್ಟಿದೆ, ಅದನ್ನ ಹೇಳ್ತೀನಿ ಕೇಳಿ.

ಮೊದ್ಲು ಬಸ್ಸು. ಕಾಲೇಜಿನ ಟೈಮ್‌ಟೇಬಲ್ ಆಮೇಲೆ. ಪ್ರೈವೇಟ್ ಸ್ಟ್ಯಾಂಡು, ಕೆಎಸ್ಸಾರ್ಟಿಸಿ ಸ್ಟ್ಯಾಂಡು ಎರಡಕ್ಕೂ ಹೋಗಿ ನಿಮ್ಮೂರಿನ ಕಡೆ ಸಂಜೆ ಹೋಗೋ ಬಸ್ಸುಗಳ ಟೈಮ್ ಕೇಳಿ ಬರ್ಕೊಳಿ. ಮಲ್ನಾಡಲ್ಲಿ ಎಷ್ಟೋ ರೂಟಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಕೆಎಸ್ಸಾರ್ಟಿಸಿ ಪಾಸ್ ಅಲ್ಲಿ ನಡೆಯಲ್ಲ, 2023ರ ಜೂನಲ್ಲಿ ಶುರುವಾದ ಶಕ್ತಿ ಯೋಜನೆ ಫ್ರೀ ಟಿಕೆಟೂ ಅಲ್ಲಿಗೆ ಅನ್ವಯ ಆಗಲ್ಲ, ಹಾಗಾಗಿ ಪಾಸ್ ಮಾಡ್ಸೋಕೆ ಮುಂಚೆ ನೀವು ನಿಜವಾಗ್ಲೂ ಹತ್ತೋದು ಯಾವ ಬಸ್ಸು ಅಂತ ನೋಡ್ಕೊಳಿ. ಇನ್ನೊಂದು, ಲಾಸ್ಟ್ ಬಸ್ಸನ್ನ ಲೆಕ್ಕಕ್ಕೆ ಇಟ್ಕೋಬೇಡಿ, ಅದಕ್ಕಿಂತ ಹಿಂದಿನ ಬಸ್ಸೇ ನಿಮ್ ಬಸ್ಸು. ಮಳೆಗಾಲದಲ್ಲಿ ದಾರೀಲಿ ಮರ ಬಿತ್ತು ಅಂದ್ರೆ ಲಾಸ್ಟ್ ಬಸ್ಸು ಬರ್ದೇನೂ ಇರ್ಬಹುದು, ಆಗ ರಾತ್ರಿ ಹೊತ್ತು ಸ್ಟ್ಯಾಂಡಲ್ಲಿ ನಿಂತು ಮನೆಗೆ ಫೋನ್ ಮಾಡೋದು ಯಾರಿಗೂ ಬೇಡ ಮಾರಾಯ್ರೆ.

ಈಗ ಅಟೆಂಡೆನ್ಸ್, ಇದನ್ನ ಸ್ವಲ್ಪ ಕೂತು ಲೆಕ್ಕ ಹಾಕ್ಬೇಕು. 75 ಪರ್ಸೆಂಟ್ ಬೇಕು ಅಂತ ಎಲ್ರಿಗೂ ಗೊತ್ತು, ಆದ್ರೆ ಅದು ಎಷ್ಟು ಕ್ಲಾಸು ಅಂತ ಯಾರೂ ನೋಡಿರಲ್ಲ. ಒಂದು ಸಬ್ಜೆಕ್ಟಿಗೆ ವಾರಕ್ಕೆ 4 ಕ್ಲಾಸ್, 16 ವಾರ ಪಾಠ ಅಂತ ಇಟ್ಕೊಂಡ್ರೆ ಒಟ್ಟು 64, ಅದ್ರಲ್ಲಿ 48 ಕೂತಿರ್ಬೇಕು, ಅಂದ್ರೆ ನಿಮ್ ಕೈಲಿ ಇರೋದು 16 ಕ್ಲಾಸ್ ಮಾತ್ರ. ಈ 16ರಲ್ಲಿ ಮಳೆಗೆ ಬಸ್ ತಪ್ಪೋದು ಬರುತ್ತೆ, ಜ್ವರ ಬರುತ್ತೆ, ನೆಂಟ್ರ ಮನೆ ಮದುವೆ ಬರುತ್ತೆ, ಅಡಿಕೆ ಕೊಯ್ಲು ಶುರುವಾದ್ರೆ ಮನೇಲಿ ಅಪ್ಪ ಒಬ್ರೇ ಇದಾರೆ ಅಂತ ನಿಲ್ಲೋದೂ ಬರುತ್ತೆ. ರಜೆ ಅಂತ ಡಿಸಿ ಘೋಷಣೆ ಮಾಡಿದ್ರೂ ಅದು ಶಾಲೆಗೆ ಮಾತ್ರಾನಾ, ಡಿಗ್ರಿಗೂ ಇದ್ಯಾ ಅಂತ ಪೂರ್ತಿ ಓದಿ, ಎಷ್ಟೋ ಸಲ ಡಿಗ್ರಿ ಕಾಲೇಜು ಅದ್ರಲ್ಲಿ ಇರಲ್ಲ. ಹಾಗಾಗಿ ಮೊದಲ ತಿಂಗಳಲ್ಲಿ, ಪಾಠ ಇನ್ನೂ ಶುರುವಾಗಿಲ್ಲ ಬಿಡು ಅಂತ ಇಬ್ರೂ ಸೇರಿ ತಿರುಗಾಡೋಕೆ ಆ ಕ್ಲಾಸ್ ಖರ್ಚು ಮಾಡ್ಬೇಡಿ. ಜೋಗಕ್ಕೆ ಹೋಗಿ ಬರೋದು ಅಂದ್ರೆ ಶಿವಮೊಗ್ಗದಿಂದ ಒಂದು ಕಡೆಗೇ ನೂರು ಕಿಲೋಮೀಟರ್ ಹತ್ರ, ಇಡೀ ದಿನ ಬೇಕು, ಒಂದೇ ಏಟಿಗೆ ನಾಲ್ಕೈದು ಸಬ್ಜೆಕ್ಟಲ್ಲಿ ಒಂದೊಂದು ಕ್ಲಾಸ್ ಹೋಗುತ್ತೆ. ಭಾನುವಾರ ಹೋಗಿ, ಬಸ್ಸಲ್ಲೇ ಹೋಗಿ. ಆಗುಂಬೆ ಘಾಟಿಗೆ ಮಳೆ ಮಂಜಲ್ಲಿ ಬೈಕ್ ತಗೊಂಡು ಹೋಗೋದಂತೂ ಬೇಡ್ವೇ ಬೇಡ, ಇದನ್ನ ಕೈಮುಗಿದು ಹೇಳ್ತೀನಿ.

ಕೆಲ್ಸದ ವಿಷ್ಯ. ಗಾಂಧಿ ಬಜಾರಿನ ಬಟ್ಟೆ ಅಂಗಡಿ, ನೆಹರೂ ರೋಡಿನ ಮೊಬೈಲ್ ಅಂಗಡಿ, ಮೆಡಿಕಲ್ಲು, ಜೆರಾಕ್ಸ್, ಮನೆಪಾಠ, ಊಟದ ಡೆಲಿವರಿ, ಯಾವ್ದಾದ್ರೂ ಸರಿ, ಸೇರೋ ದಿನವೇ ಓನರ್ ಹತ್ರ 'ಅಣ್ಣ, ಇಂಟರ್ನಲ್ಸ್ ವಾರ ನಂಗೆ ರಜ ಬೇಕು, ಡೇಟ್ ಬಂದ ತಕ್ಷಣ ಹೇಳ್ತೀನಿ' ಅಂತ ಬಾಯ್ಬಿಟ್ಟು ಹೇಳ್ಬಿಡಿ. ಬಟ್ಟೆ ಅಂಗಡಿಗೆ ಸೇರೋರು ಗಣೇಶನ ಹಬ್ಬ, ದೀಪಾವಳಿ ಯಾವಾಗ ಅಂತಾನೂ ನೋಡಿ, ಆ ಟೈಮಲ್ಲಿ ಯಾವ ಓನರೂ ರಜ ಕೊಡಲ್ಲ, ಕೊಡಿ ಅಂತ ಕೇಳೋದೂ ಕಷ್ಟ. ಹಬ್ಬದ ಹಿಂದೆಮುಂದೆ ಪ್ರಾಜೆಕ್ಟ್ ಸಬ್ಮಿಷನ್ ಇದ್ರೆ ಅದನ್ನ ಎರಡು ವಾರ ಮೊದ್ಲೇ ಮುಗ್ಸಿಡಿ. ನನ್ ಪ್ರಕಾರ ಸಂಜೆ ಮೂರು ಗಂಟೆ ಕೆಲ್ಸ, ಭಾನುವಾರ ಅರ್ಧ ದಿನ, ಅಷ್ಟೇ ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಬೆಳಗ್ಗೆ ಮೊದಲ ಪೀರಿಯಡ್ಡಲ್ಲಿ ಕಣ್ಣು ಬಿಡೋಕಾಗಲ್ಲ. ಸ್ಕಾಲರ್‌ಶಿಪ್ಪಿಗೆ ಎಸ್ಸೆಸ್ಪಿಲಿ, ಅಂದ್ರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಲ್ಲಿ, ಅರ್ಜಿ ಹಾಕೋರು ಜಾತಿ ಆದಾಯ ಪ್ರಮಾಣಪತ್ರದ ಅವಧಿ ಇದ್ಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದ್ಯಾ ಅಂತ ಈಗ್ಲೇ ನೋಡ್ಬಿಡಿ, ಆ ದುಡ್ಡು ಬಂದ್ರೆ ಕೆಲ್ಸದ ಗಂಟೆ ಅಷ್ಟಾದ್ರೂ ಕಮ್ಮಿ ಮಾಡ್ಬಹುದು.

ಪ್ರೀತಿ ಅಂದ್ರೆ ಟೈಮ್ ಪಾಸ್ ಅಂತ ಬೈಯೋರು ಇದಾರೆ, ನಾನು ಹಾಗೆ ಹೇಳಲ್ಲ. ಮನೆ ಬಿಟ್ಟು ಬಂದಿರೋ ಹುಡುಗ ಹುಡುಗಿಗೆ 'ಊಟ ಆಯ್ತಾ' ಅಂತ ಕೇಳೋಕೆ ಒಬ್ರು ಇರೋದು ದೊಡ್ಡ ವಿಷ್ಯ. ಆದ್ರೆ ಅವ್ರಿಗೆ ನಿಮ್ ವಾರ ಹೇಗಿರುತ್ತೆ ಅಂತ ಮೊದ್ಲೇ ಗೊತ್ತಿರ್ಬೇಕು. ಯಾವ ದಿನ ಕೆಲ್ಸ, ಎಷ್ಟೊತ್ತಿಗೆ ಬಸ್ಸು, ಎಷ್ಟು ಗಂಟೆ ಮೇಲೆ ಫೋನ್ ಮಾಡ್ಬಹುದು, ಇಷ್ಟನ್ನೂ ಕೂತು ಮಾತಾಡಿ. ಮುಖ್ಯವಾಗಿ ಕರೆಂಟು ನೆಟ್‌ವರ್ಕಿನ ವಿಷ್ಯ ಮಾತಾಡಿ, ಹೊಸನಗರ ತೀರ್ಥಹಳ್ಳಿ ಒಳಗಿನ ಹಳ್ಳಿಗಳಲ್ಲಿ ಜೋರು ಮಳೆಗೆ ಲೈನ್ ಹೋದ್ರೆ ಟವರೂ ಸ್ವಲ್ಪ ಹೊತ್ತಿಗೆ ಆಫ್ ಆಗುತ್ತೆ, ಮೆಸೇಜಿಗೆ ಒಂದೇ ಟಿಕ್ ಇದೆ ಅಂದ್ರೆ ಅವ್ರಿಗೆ ಕೋಪ ಬಂದಿದೆ ಅಂತಲ್ಲ, ಕರೆಂಟ್ ಇಲ್ಲ ಅಂತ. ಇದೊಂದನ್ನ ಇಬ್ರೂ ಒಪ್ಕೊಂಡ್ರೆ ಮಳೆಗಾಲದ ಅರ್ಧ ಜಗಳ ಇರಲ್ಲ. ಸಿಗೋಕೆ ಬೇರೆ ಟೈಮ್ ಹುಡುಕ್ಬೇಡಿ, ಕಾಲೇಜಿಂದ ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಹೋಗಿ, ಲೈಬ್ರರೀಲಿ ಒಟ್ಟಿಗೆ ಕೂತು ಓದಿ, ಗಾಂಧಿ ಪಾರ್ಕಲ್ಲಿ ಅರ್ಧ ಗಂಟೆ ಕೂರಿ. ಬಿಲ್ ಒಂದ್ಸಲ ಇವ್ರು, ಒಂದ್ಸಲ ಅವ್ರು. ಕೆಲ್ಸ ಬಿಡು, ಕ್ಲಾಸ್ ಬಿಡು, ಫೋನ್ ಪಾಸ್‌ವರ್ಡ್ ಕೊಡು ಅಂತ ಯಾರಾದ್ರೂ ಹಟ ಮಾಡಿದ್ರೆ ಒಪ್ಕೋಬೇಡಿ, ಮನೆಯೋರಿಗೆ ಹೇಳೋಕಾಗ್ದಿದ್ರೆ ನಂಬಿಕೆಯ ಗೆಳೆಯ ಗೆಳತಿಗಾದ್ರೂ ಹೇಳಿ.

ಮೂರೂ ಒಟ್ಟಿಗೆ ತೂಗಿಸೋಕೆ ಆಗ್ತಿಲ್ಲ ಅನ್ಸಿದ್ರೆ ಮೊದ್ಲು ಕೆಲ್ಸದ ಗಂಟೆ ಕಡಿಮೆ ಮಾಡಿ, ಆಮೇಲೆ ರಾತ್ರಿ ಫೋನ್, ಕ್ಲಾಸಿಗೆ ಕೈ ಹಾಕ್ಬೇಡಿ. ಮನೆ ನಡೆಯೋದೇ ನಿಮ್ ದುಡಿಮೆಯಿಂದ ಅನ್ನೋ ಪರಿಸ್ಥಿತಿ ಇದ್ರೆ ಕ್ಲಾಸ್ ಮೆಂಟರ್ ಹತ್ರ ಮೂರನೇ ವಾರದೊಳಗೆ ಹೋಗಿ ಇರೋದನ್ನ ಇದ್ದಂಗೆ ಹೇಳಿ, ಆಗಾದ್ರೆ ಅವ್ರು ಪ್ರಿನ್ಸಿಪಾಲ್ ಹತ್ರ ಮಾತಾಡ್ತಾರೆ, ಏನಾದ್ರೂ ದಾರಿ ನೋಡ್ತಾರೆ. ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ನೋಟಿಸ್ ಬೋರ್ಡಿಗೆ ಬಂದ್ಮೇಲೆ ಹೋಗಿ ನಿಂತ್ರೆ ಅವ್ರ ಕೈಲೂ ಏನೂ ಉಳ್ದಿರಲ್ಲ.