ಕಾಗಕ್ಕ ಎಂಥವಳು? ಗುಣವಾಚಕ ಕಲಿಸಿದ ನನ್ನ ಅನುಭವ

ಪಾಂಡವಪುರ ತಾಲ್ಲೂಕಿನ ನಮ್ಮ ಸರ್ಕಾರಿ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ, "ಗುಬ್ಬಕ್ಕ ಎಂಥವಳು?" ಎಂದು ಕೇಳಿದರೆ ಮೂರು ವರ್ಷವೂ ಎರಡೇ ಉತ್ತರ ಬಂದವು: ಒಳ್ಳೆಯವಳು, ಇಲ್ಲವೇ ಕೆಟ್ಟವಳು. ಗುಣವಾಚಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದೆ. ಪರೀಕ್ಷೆಯಲ್ಲಿ ಬರೆದ ಮಕ್ಕಳಿಗೆ ಕಥೆಯ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಬಳಿಕ ಮಂಡ್ಯದಲ್ಲಿ ಬಣ್ಣದ ಮಿಂಚುಪಟ್ಟಿಗಳನ್ನು (ಪದ ಬರೆದ ಫ್ಲ್ಯಾಷ್ ಕಾರ್ಡ್‌ಗಳನ್ನು) ಮಾಡಿಸಿ ಲ್ಯಾಮಿನೇಷನ್ ಹಾಕಿಸಿದೆ. ಕೈಯಿಂದ ಸುಮಾರು 1,400 ರೂಪಾಯಿ ಹೋಯಿತು. 'ಧೈರ್ಯವಂತ' ಎಂಬ ಪಟ್ಟಿ ಕೆಂಪಗಿದ್ದುದರಿಂದ ಮಕ್ಕಳು ಅದನ್ನು ಸಿಕ್ಕ ಪಾತ್ರಕ್ಕೆಲ್ಲ ಇಟ್ಟರು.

ದಾರಿ ಸಿಕ್ಕಿದ್ದು ಕ್ರಿಯಾಪದದಿಂದ. ದೊಡ್ಡ, ಚಿಕ್ಕ, ಹಳೆಯ, ಹೊಸ ಎಂಬಂಥ ಅಚ್ಚ ಗುಣವಾಚಕಗಳು ನಮ್ಮಲ್ಲಿ ಕಡಿಮೆ. ಆದರೆ ನೆನೆದ, ಹಸಿದ, ತೆರೆಯದ ಎಂದು ಕ್ರಿಯೆಯನ್ನೇ ಹೆಸರಿಗೆ ಸೇರಿಸಿದರೆ ಪಾತ್ರ ಕಣ್ಣಿಗೆ ಕಟ್ಟುತ್ತದೆ. ಆದ್ದರಿಂದ 'ಒಳ್ಳೆಯ', 'ಕೆಟ್ಟ' ಎಂಬ ಎರಡು ಪದಗಳನ್ನು ನಿಷೇಧಿಸಿ, "ಅವಳು ಏನು ಮಾಡಿದಳು?" ಎಂದು ಮೊದಲು ಕೇಳತೊಡಗಿದೆ. ಸಮಾಲೋಚನಾ ಸಭೆಯಲ್ಲಿ ಸಹೋದ್ಯೋಗಿಗಳು, ಇದು ಕೃದಂತ (ಕ್ರಿಯೆಯಿಂದ ಹುಟ್ಟಿದ ಪದ), ಮಕ್ಕಳಿಗೆ ಗೊಂದಲವಾಗುತ್ತದೆ ಎಂದರು. ಮಕ್ಕಳು ಮೊದಲು ಬಳಸಲಿ, ವ್ಯಾಕರಣದ ಹೆಸರನ್ನು ಆಮೇಲೆ ಕಲಿಯಲಿ ಎಂಬ ನನ್ನ ನಿಲುವನ್ನು ನಾನು ಬಿಡಲಿಲ್ಲ.

ಸಗಣಿ ಮನೆ ಮಳೆಗೆ ಕೊಚ್ಚಿಹೋಗಿ ಕಾಗಕ್ಕ ಬಾಗಿಲು ತಟ್ಟುವಾಗ, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ, ಇರು ಎನ್ನುತ್ತಾಳಲ್ಲ ಗುಬ್ಬಕ್ಕ, ಅಲ್ಲಿಗೆ ಕಥೆ ನಿಲ್ಲಿಸಿದೆ. "ತೊಪ್ಪೆಯಾದ ಕಾಗಕ್ಕ", "ಬಾಗಿಲು ತೆರೆಯದ ಗುಬ್ಬಕ್ಕ" ಎಂದು ಬಂದವು. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು "ಮಗುವನ್ನು ಬಿಟ್ಟು ಬಾರದ ಗುಬ್ಬಕ್ಕ" ಎಂದಳು. ಗುಬ್ಬಕ್ಕ ಕಲ್ಲು ಮನಸ್ಸಿನವಳೋ ಜವಾಬ್ದಾರಿಯುಳ್ಳವಳೋ ಎಂಬ ಚರ್ಚೆ ಗಂಟೆ ಹೊಡೆದರೂ ಮುಗಿಯಲಿಲ್ಲ.

ನಡುವೆ ಆಲೆಮನೆಯಿಂದ 60 ರೂಪಾಯಿಯ ಬೆಲ್ಲ ತಂದು ಮುಟ್ಟಿಸಿ, ತಿನ್ನಿಸಿ ನೋಡಿದೆ. ಅಂಟುವ, ಗಟ್ಟಿಯಾದ, ಕರಗುವ ಎಂಬ ಪದಗಳು ಬಂದವು; ಮಾರನೆಯ ದಿನ ಒಬ್ಬನ ನೋಟ್ ಪುಸ್ತಕದಲ್ಲಿ "ಕರಗದ ಗುಬ್ಬಕ್ಕ" ಎಂದಿತ್ತು. ಆ ಪುಟವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಈಗ 26 ಮಕ್ಕಳಲ್ಲಿ ಇಪ್ಪತ್ತರಷ್ಟು ಮಂದಿ ಒಂದು ಪಾತ್ರಕ್ಕೆ ಐದಾರು ವಿಶೇಷಣಗಳನ್ನು ಕಥೆಯ ಆಧಾರ ಕೊಟ್ಟು ಬರೆಯುತ್ತಾರೆ. ಅನುಮಾನಪಟ್ಟ ಸಹೋದ್ಯೋಗಿಗಳೇ ಬಂದು ತರಗತಿ ನೋಡಿದರು. ಬಾಯಿ ಬಿಡದ ಮಕ್ಕಳನ್ನು ಮಾತನಾಡಿಸುವ ಉಪಾಯವೊಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಾಯಿ ಬಿಡದ ಆ ಮಕ್ಕಳಲ್ಲೊಬ್ಬನೇ ಕಳೆದ ವಾರ ಮೇಜಿನ ಬಳಿ ಬಂದು ಕೇಳಿದ: "ಕಾಗೆ ಅಂದ್ರೆ ಹಸಿದದ್ದು, ಕಾಗಕ್ಕ ಅಂದ್ರೆ ಹಸಿದವಳು, ಅಲ್ವಾ ಮೇಷ್ಟ್ರೇ?"