ಹೊಸ ಲ್ಯಾಪ್‌ಟಾಪ್ ತಗೊಳ್ಳೋದಾ, ಹಳೆಯದರಲ್ಲೇ ಸಾಗಿಸೋದಾ?

ನಮ್ಮ ಅಂಗಡಿಯ 2025ರ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 14ರ ಸುತ್ತ ಕೆಂಪು ಪೆನ್ನಿನ ಗೆರೆ ಇದೆ. ಅದು ಯಾರದೋ ಮದುವೆ ಕಾರ್ಡು ಕೊಡಬೇಕಾದ ದಿನವಲ್ಲ. ವಿಂಡೋಸ್ 10ಕ್ಕೆ ತಾನಾಗೇ ಬರುತ್ತಿದ್ದ, ವೈರಸ್ ತಡೆಯುವ ಸೆಕ್ಯೂರಿಟಿ ಅಪ್‌ಡೇಟ್ ನಿಂತ ದಿನ. ನನ್ನ ಲ್ಯಾಪ್‌ಟಾಪ್ ಓಡುತ್ತಿದ್ದುದು ಅದರ ಮೇಲೆಯೇ.

ನಾನು ಗದಗಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಪೋಸ್ಟರು, ನಡುನಡುವೆ ಒಂದೊಂದು ಪುಸ್ತಕ. ಪ್ರಿಂಟಿಂಗ್ ಪ್ರೆಸ್ಸುಗಳ ಊರು ಇದು. ಕೆಲಸಕ್ಕೂ ಕೊರತೆ ಇಲ್ಲ, ಪೈಪೋಟಿಗೂ ಕೊರತೆ ಇಲ್ಲ. ಲ್ಯಾಪ್‌ಟಾಪ್ ತಗೊಂಡಿದ್ದು 2017ರಲ್ಲಿ. ಇಂಟೆಲ್‌ನ ಏಳನೇ ಜನರೇಶನ್ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆಗ ಅದು ನಮ್ಮ ಓಣಿಯಲ್ಲೇ ಜೋರಾದ ಮಷಿನ್ನು.

ಬದಲಾಯಿಸಬೇಕು ಅನ್ನಿಸಿದ್ದು ಇದೇ ಮೊದಲಲ್ಲ. 2021ರಲ್ಲೂ ಒಮ್ಮೆ ತಲೆ ಕೆಟ್ಟಿತ್ತು. ಬೆಳಿಗ್ಗೆ ಬಟನ್ ಒತ್ತಿ, ಅಂಗಡಿ ಕಸ ಗುಡಿಸಿ, ದೇವರಿಗೆ ಊದಿನಕಡ್ಡಿ ಹಚ್ಚಿ ಬಂದರೂ ಪರದೆಯಲ್ಲಿ ಚುಕ್ಕಿ ಸುತ್ತುತ್ತಲೇ ಇರುತ್ತಿತ್ತು. ಹೊಸದೇ ತಗೊಂಡುಬಿಡೋಣ ಅಂತ ರಿಪೇರಿ ಹುಡುಗನನ್ನು ಕೇಳಿದೆ. ಅವನು ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ತೋರಿಸಿದ. ಪ್ರೊಸೆಸರ್ ನೂರಕ್ಕೆ ಹದಿನೈದರಲ್ಲಿ ಆರಾಮಾಗಿ ಕೂತಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು.

"ಅಕ್ಕಾರ, ಇದರ ತಲಿ ಚಲೋ ಐತ್ರಿ. ಕಾಲು ಸೋತಾವ, ಅಷ್ಟ" ಅಂದ.

ಕಾಲು ಅಂದರೆ ಹಾರ್ಡ್ ಡಿಸ್ಕ್. ನನ್ನ ಲ್ಯಾಪ್‌ಟಾಪಿನಲ್ಲಿದ್ದಂಥ ತಿರುಗುವ ಡಿಸ್ಕು ಸೆಕೆಂಡಿಗೆ ಸುಮಾರು ನೂರು, ನೂರಿಪ್ಪತ್ತು ಎಂಬಿ ಓದುತ್ತದೆ. ತಿರುಗುವ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿ ಐನೂರರ ಆಚೆ. ಎಸ್‌ಎಸ್‌ಡಿ ಜೊತೆಗೆ 8 ಜಿಬಿಯ ಒಂದು ರ‍್ಯಾಮ್ ಕಡ್ಡಿ ಹಾಕಿಸಿದೆ. ಎಲ್ಲ ಸೇರಿ ಏಳೂವರೆ ಸಾವಿರ ಆಯಿತು. ಮರುದಿನ ಊದಿನಕಡ್ಡಿ ಹಚ್ಚುವ ಮೊದಲೇ ಲಾಗಿನ್ ಕೇಳಿತು! ಮುಂದೆ ನಾಲ್ಕು ವರ್ಷ ನಾನು ಹೊಸ ಲ್ಯಾಪ್‌ಟಾಪಿನ ಮಾತೇ ಎತ್ತಲಿಲ್ಲ. ನಿಮ್ಮ ಹಳೆಯದರಲ್ಲಿ ಇನ್ನೂ ತಿರುಗುವ ಡಿಸ್ಕ್ ಇದ್ದರೆ, ಬೇರೆ ಏನನ್ನೂ ಯೋಚಿಸುವ ಮೊದಲು ಇದೊಂದನ್ನು ಮಾಡಿಸಿ.

2025ರಲ್ಲಿ ಮತ್ತೆ ನಿಧಾನ ಅನ್ನಿಸಿದಾಗ ಈ ಪಾಠ ನೆನಪಿತ್ತು. ಹಾಗಾಗಿ ಅಂಗಡಿಗೆ ಹೋಗುವ ಬದಲು ಒಂದು ನೋಟ್‌ಬುಕ್ ಇಟ್ಟೆ. ಆರು ದಿನ, ನಾನು ಕೈಕಟ್ಟಿ ಕೂತ ಪ್ರತಿ ಸಲವೂ ಎಷ್ಟು ನಿಮಿಷ, ಯಾಕೆ ಅಂತ ಬರೆದೆ. ಗಿರಾಕಿ "ಇನ್ನ ಸ್ವಲ್ಪ ದೊಡ್ಡದು ಮಾಡ್ರಿ, ಇಲ್ಲ, ಮೊದ್ಲಿನಂಗ ಇರಲಿ" ಅನ್ನುವ ಹೊತ್ತನ್ನು ಬರೆಯಲಿಲ್ಲ. ಅದಕ್ಕೆ ಯಾವ ಪ್ರೊಸೆಸರೂ ಸಾಲದು. ಉಳಿದದ್ದನ್ನು ಕೂಡಿಸಿದರೆ ಆರು ದಿನಕ್ಕೆ 3 ಗಂಟೆ 40 ನಿಮಿಷ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡೇ ಕೆಲಸಕ್ಕೆ: ಫೋಟೊ ಹಿನ್ನೆಲೆ ತೆಗೆಯೋದು, ದೊಡ್ಡ ಪುಸ್ತಕದ ಪಿಡಿಎಫ್ ಮಾಡೋದು. ಆ ಹೊತ್ತಿನಲ್ಲಿ ಡಿಸ್ಕ್ ಸುಮ್ಮನಿತ್ತು, ಪ್ರೊಸೆಸರ್ ನೂರಕ್ಕೆ ನೂರು. ಅದಕ್ಕೆ ಇರುವುದೇ ಎರಡು ಕೋರ್, ಅಂದರೆ ದುಡಿಯುವ ಕೈ ಎರಡೇ. ಈ ಸಲ ಸೋತದ್ದು ತಲೆಯೇ. ಲ್ಯಾಪ್‌ಟಾಪಿನಲ್ಲಿ ತಲೆ ಬದಲಾಯಿಸೋಕೆ ಬರಲ್ಲ, ಬೋರ್ಡಿಗೇ ಬೆಸೆದಿರುತ್ತದೆ.

ಇದರ ಜೊತೆಗೆ ಅಕ್ಟೋಬರ್ 14. ವಿಂಡೋಸ್ 11 ಹಾಕೋಣವೆಂದರೆ, ಅದಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ಅದರ ಮೇಲಿನದು ಬೇಕು. ಏಳನೆಯದರಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಅವಕಾಶ, ಆ ಪಟ್ಟಿಯಲ್ಲಿ ನನ್ನದಿಲ್ಲ. ಒಂದೇ ಒಂದು ಮೆಟ್ಟಿಲು ಕಡಿಮೆ! ಹೇಗೋ ಕಣ್ತಪ್ಪಿಸಿ ಹಾಕುವ ದಾರಿ ಇದೆ ಎಂದು ಹುಡುಗ ಹೇಳಿದ. ಆದರೆ ಹಾಗೆ ಹಾಕಿದರೆ ಮುಂದೆ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಪ್‌ಡೇಟಿಗಾಗಿಯೇ ಇಷ್ಟೆಲ್ಲ ಒದ್ದಾಡಿ ಅದೇ ಬರದಿದ್ದರೆ ಏನು ಬಂತು? ಗಿರಾಕಿಗಳ ಪೆನ್‌ಡ್ರೈವ್ ದಿನಕ್ಕೆ ಹತ್ತು ಬಂದು ಹೋಗುವ ಮಷಿನ್ನದು.

ಸೆಕೆಂಡ್ ಹ್ಯಾಂಡ್ ನೋಡೋಣ ಅಂತ ಹುಬ್ಬಳ್ಳಿಗೆ ಹೋದೆ. ರಿಫರ್ಬಿಷ್ಡ್ ಮಾರುವ ಒಂದು ಅಂಗಡಿಯಲ್ಲಿ "ಐ7 ಐತ್ರಿ, ನಿಮ್ಮ ಐ5ಗಿಂತ ಮ್ಯಾಲಿಂದು" ಅಂದರು. ಇಪ್ಪತ್ತೆರಡು ಸಾವಿರ. ಮಾಡೆಲ್ ನಂಬರ್ ಓದಿದೆ. ಐ7 ಆದ ಮೇಲೆ ಗೆರೆ, ಆಮೇಲೆ 6600. ಮೊದಲ ಅಂಕಿ 6 ಅಂದರೆ ಆರನೇ ಜನರೇಶನ್. ನನ್ನದಕ್ಕಿಂತ ಹಿಂದಿನದು, ವಿಂಡೋಸ್ 11ಕ್ಕೆ ನಡೆಯದು. ಸ್ಟಿಕರ್ ಮೇಲಿನ 5, 7 ನೋಡಿ ಮರುಳಾಗಬಾರದು. ಎಂಟನೇ ಜನರೇಶನ್ನಿನ ಇನ್ನೊಂದನ್ನೂ ತೋರಿಸಿದರು. ಅದರ ಬ್ಯಾಟರಿ ರಿಪೋರ್ಟ್ ತೆಗೆಸಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಒಂದು ಸಾಲು ಹೊಡೆದರೆ ಬರುತ್ತದೆ, ಯಾರು ಬೇಕಾದರೂ ಮಾಡಬಹುದು. ಹೊಸದಿದ್ದಾಗಿನ ಕೆಪ್ಯಾಸಿಟಿ, ಈಗಿನ ಫುಲ್ ಚಾರ್ಜ್ ಕೆಪ್ಯಾಸಿಟಿ, ಎರಡೂ ಅದರಲ್ಲಿರುತ್ತವೆ. ಈಗಿನದು ಅರ್ಧಕ್ಕೆ ಇಳಿದಿತ್ತು. ಏಳೆಂಟು ವರ್ಷದ ಮುದುಕನನ್ನು ಬಿಟ್ಟು ಅದೇ ವಯಸ್ಸಿನ ಇನ್ನೊಬ್ಬನನ್ನು ಮನೆಗೆ ಕರೆತರುವ ಮನಸ್ಸಾಗದೆ ಬರಿಗೈಲಿ ಬಸ್ ಹತ್ತಿದೆ.

ಇಷ್ಟು ಹೊತ್ತು ನಾನು ದುಡ್ಡಿನ ಲೆಕ್ಕ ಹಾಕುತ್ತಿದ್ದೆ. ನಿಜವಾಗಿ ನನ್ನನ್ನು ಕಟ್ಟಿಹಾಕಿದ್ದು ದುಡ್ಡಲ್ಲ, ಫೈಲುಗಳು.

ನನ್ನ ಹಳೆಯ ಕೆಲಸವೆಲ್ಲ ಪುಟ ಕಟ್ಟುವ ಪೇಜ್‌ಮೇಕರ್ 7 ಎಂಬ ಸಾಫ್ಟ್‌ವೇರಿನಲ್ಲಿದೆ, ನುಡಿ 01 ಇ ಎಂಬ ಕನ್ನಡ ಫಾಂಟಿನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಮೇಲೆ ದೊಡ್ಡ ಹೊಸ ಆವೃತ್ತಿ ಬರಲೇ ಇಲ್ಲ. ನಮ್ಮ ಕಡೆಯ ಎಷ್ಟೋ ಅಂಗಡಿಗಳು ಇವತ್ತಿಗೂ ಅದರಲ್ಲೇ ಇವೆ. ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ಹೇಗೋ ಓಡಿಸಿಕೊಂಡವರೂ ಇದ್ದಾರೆ. ನನಗೆ ಆ ಧೈರ್ಯ ಬರಲಿಲ್ಲ. ಅರವತ್ತು ಸಾವಿರ ಕೊಟ್ಟು ತಂದದ್ದರ ಮೇಲೆ ಇಪ್ಪತ್ನಾಲ್ಕು ವರ್ಷ ಹಳೆಯದನ್ನು ಕುಂಟಿಸುವುದಾದರೆ ಹಳೆಯ ಮಷಿನ್ನೇ ಸಾಕಲ್ವಾ? ಹೊಸದು ತಗೊಂಡರೆ ಯೂನಿಕೋಡಿಗೂ (ಕನ್ನಡ ಅಕ್ಷರಕ್ಕೆ ಅದರದೇ ಜಾಗವಿರುವ ಈಗಿನ ಪದ್ಧತಿ) ಹೋಗಲೇಬೇಕು ಅಂತ ತೀರ್ಮಾನಿಸಿದೆ. ಅಂದರೆ ಲ್ಯಾಪ್‌ಟಾಪಿನ ಬೆಲೆಗೆ ಇಷ್ಟು ವರ್ಷಗಳ ಫೈಲುಗಳನ್ನು ಬದಲಾಯಿಸುವ ದಿನಗಳನ್ನೂ ಸೇರಿಸಬೇಕು.

ಪರೀಕ್ಷೆಗೆಂದು ಹಳೆಯ ಒಂದು ಪುಸ್ತಕ ತೆಗೆದೆ. ಸಂಗೀತದ ಬಗ್ಗೆ, 180 ಪುಟ, ಡೆಮಿ 1/8 ಅಳತೆಯದು. ಅದರ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದೆ. ಅರೆ ನಿಮಿಷದಲ್ಲಿ ಮುಗಿಯಿತು, ಖುಷಿಯಾಯಿತು. ಓದುತ್ತಾ ಹೋದರೆ ಒಂದು ಕಡೆ "ಅವರ ಹಾಡುಗಳ ಅಆ ಬಿಡುಗಡೆಯಾಯಿತು" ಅಂತಿದೆ. ಅಆ? ಎರಡು ಸಲ ಓದಿದೆ. ಆಮೇಲೆ ಹೊಳೆಯಿತು. ಮೂಲದಲ್ಲಿ ಸಿಡಿ ಎಂದು ಇಂಗ್ಲಿಷ್ ಅಕ್ಷರದಲ್ಲಿತ್ತು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗವಿಲ್ಲ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಬಾಡಿಗೆಗೆ ಕೂತಿರುತ್ತದೆ. ಸಿ ಇರಬೇಕಾದಲ್ಲಿ ಅ, ಡಿ ಇರಬೇಕಾದಲ್ಲಿ ಆ. ಫಾಂಟಿನ ಮಾಹಿತಿ ಬಿಟ್ಟು ಬರೀ ಪಠ್ಯ ಕೊಟ್ಟರೆ, ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡ ಎಂದು ಪರಿವರ್ತಕಕ್ಕೆ ತಿಳಿಯದು. ಹಾಗಾಗಿ ಪುಸ್ತಕದಲ್ಲಿದ್ದ ಇಂಗ್ಲಿಷ್ ಪದಗಳೆಲ್ಲ ಕನ್ನಡ ವೇಷ ಹಾಕಿಕೊಂಡು ಕೂತಿದ್ದವು. ಒಂದೊಂದಾಗಿ ಹಿಡಿದು ಸರಿಮಾಡಿ, ಕರಡು ತಿದ್ದಿ, ಪುಟ ಮತ್ತೆ ಕಟ್ಟುವುದಕ್ಕೆ ಒಂದು ಪುಸ್ತಕಕ್ಕೆ ಎರಡೂವರೆ ದಿನ ಹಿಡಿಯಿತು. ನನ್ನ ಹತ್ತಿರ ಇದ್ದದ್ದು 64 ಪುಸ್ತಕ.

ಹಾಗಾಗಿ ಅವಸರ ಬೇಡ ಅಂದುಕೊಂಡೆ. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಪಡೆಯುವ ಸೌಲಭ್ಯವಿತ್ತು, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡೂ ಇರಲಿಲ್ಲ. ಎರಡು ನಿಮಿಷದಲ್ಲಿ ಸೇರಿಸಿದೆ. ಒಂದು ವರ್ಷ ಸಿಕ್ಕಿತು. 64ರಲ್ಲಿ ಮರುಮುದ್ರಣ ಆಗಬಹುದಾದವು ಹನ್ನೊಂದು ಮಾತ್ರ ಎಂದು ಕೂತು ಲೆಕ್ಕ ಹಾಕಿದೆ. ಅವನ್ನು ಮಾತ್ರ ಬದಲಾಯಿಸುವುದು, ಉಳಿದವು ಇದ್ದಲ್ಲೇ ಇರಲಿ. ಹೊಸ ಲ್ಯಾಪ್‌ಟಾಪ್ ಯುಗಾದಿಗೆ ನೋಡೋಣ.

ಕಾಯುವುದಕ್ಕೂ ಬೆಲೆ ಇದೆ ಅಂತ ಆಮೇಲೆ ಗೊತ್ತಾಯಿತು. ಮೊದಲು ಕಾಯಿಸಿದ್ದು ನನ್ನ ಮೈದುನ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯುತ್ತೆ, ತಡೀರಿ ಅಂದಿದ್ದ. ಇಳಿದದ್ದು ಎಸಿ, ದೊಡ್ಡ ಟಿವಿಗಳಿಗೆ, 28ರಿಂದ 18ಕ್ಕೆ. ಲ್ಯಾಪ್‌ಟಾಪ್ ಮೊದಲೇ 18ರಲ್ಲಿತ್ತು, ಅಲ್ಲೇ ಉಳಿಯಿತು. ಅವನು ಟಿವಿ ತಗೊಂಡ. ನವೆಂಬರ್ ಹೊತ್ತಿಗೆ ರ‍್ಯಾಮ್ ಬೆಲೆ ಏರತೊಡಗಿತು. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪು ಸಾಲದೆ ನಮ್ಮಂಥವರ ರ‍್ಯಾಮ್‌ಗೂ ಬೆಲೆ ಬಂತು. ರಿಪೇರಿ ಹುಡುಗ ಬಂದು "ಅಕ್ಕಾರ, ತಗೊಳ್ಳೋದಿದ್ರ ಈಗ ತಗೋರಿ" ಅಂದ. ವ್ಯಾಪಾರದ ಮಾತು ಇರಬಹುದು ಅಂದುಕೊಂಡು ಎರಡು ವಾರ ಬಿಟ್ಟು ಕೇಳಿದರೆ ನಾನು ನೋಡಿಟ್ಟಿದ್ದ ಮಾಡೆಲ್ಲಿಗೇ ಮೂರು ಸಾವಿರ ಜಾಸ್ತಿ. ಯುಗಾದಿ ಬಿಟ್ಟು ಡಿಸೆಂಬರಿನಲ್ಲೇ ತಂದೆ.

ತರುವಾಗ ಎರಡು ವಿಷಯದಲ್ಲಿ ಹಟ ಹಿಡಿದೆ. ಮೊದಲನೆಯದು ರ‍್ಯಾಮ್ 16 ಜಿಬಿ. ಈಗಿನ ಎಷ್ಟೋ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನೂ ಬೋರ್ಡಿಗೆ ಬೆಸೆದುಬಿಡುತ್ತಾರೆ, 2021ರಲ್ಲಿ ಮಾಡಿದ ಹಾಗೆ ಆಮೇಲೆ ಕಡ್ಡಿ ಸಿಕ್ಕಿಸೋಕೆ ಆಗಲ್ಲ. ಎರಡನೆಯದು ಪರದೆ. ಅಗ್ಗದ ಮಾಡೆಲ್ಲುಗಳಲ್ಲಿ ಪರದೆಯ ಬಣ್ಣ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ, ಅದೂ ಸಣ್ಣ ಅಕ್ಷರದಲ್ಲಿ. ಅಂದರೆ ತೋರಿಸುವ ಬಣ್ಣಗಳೇ ಕಡಿಮೆ. ಮದುವೆ ಕಾರ್ಡು ಮಾಡುವವರು ಅದನ್ನು ಮುಟ್ಟಬಾರದು. ನನ್ನ ಹಳೆಯದೂ ಅದೇ. ಪರದೆಯಲ್ಲಿ ಕುಂಕುಮ ಬಣ್ಣ ಇಟ್ಟಿಗೆ ಬಣ್ಣವಾಗಿ ಕಾಣುತ್ತಿತ್ತು. ನಾನು ಇನ್ನಷ್ಟು ಕೆಂಪು ಸೇರಿಸುತ್ತಿದ್ದೆ, ಪ್ರೆಸ್ಸಿನಿಂದ ರಕ್ತದ ಹಾಗೆ ಅಚ್ಚಾಗಿ ಬರುತ್ತಿತ್ತು. ಇಷ್ಟು ವರ್ಷ ಶಾಯಿಯನ್ನು ಬೈದಿದ್ದೆ, ಪಾಪ. ಹೆಚ್ಚು ಬಣ್ಣ ತೋರಿಸುವ, 100 ಪರ್ಸೆಂಟ್ ಎಸ್‌ಆರ್‌ಜಿಬಿ ಇರುವುದನ್ನೇ ಹುಡುಕಿದೆ. ಒಟ್ಟು 61 ಸಾವಿರ.

ಕಳೆದುಕೊಂಡದ್ದೂ ಇದೆ. 14 ಇಂಚಿನದು, ನಂಬರ್ ಪ್ಯಾಡ್ ಇಲ್ಲ. ಬಿಲ್ ಬುಕ್ಕಿನ ಅಂಕಿ ಹೊಡೆಯುವಾಗ ಬಲಗೈ ಈಗಲೂ ಗಾಳಿಯಲ್ಲಿ ಹುಡುಕುತ್ತದೆ. ಡಿವಿಡಿ ಡ್ರೈವ್ ಇಲ್ಲ, ನನ್ನ ಹಳೆಯ ಬ್ಯಾಕಪ್ಪುಗಳೆಲ್ಲ ಡಿವಿಡಿಯಲ್ಲಿವೆ. ಪೇಜ್‌ಮೇಕರ್ ಜಾಗಕ್ಕೆ ಮೊದಲು ಸ್ಕ್ರೈಬಸ್ ಹಾಕಿ ಎರಡು ಸಣ್ಣ ಪುಸ್ತಕ ಮಾಡಿದೆ. ಉಚಿತ, ಕನ್ನಡ ಯೂನಿಕೋಡೂ ಚೆನ್ನಾಗಿ ಬರುತ್ತದೆ. ಆದರೆ ಪ್ರೆಸ್ಸಿನವರು ತಾವೇ ತಿದ್ದಬಹುದಾದ ಓಪನ್ ಫೈಲ್ ಕೇಳುವುದು ಅಡೋಬಿಯ ಇನ್‌ಡಿಸೈನಿನದು. ಕೊನೆಗೆ ಅದಕ್ಕೆ ಸೇರಿದೆ. ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಹೊಸ ಖರ್ಚು, ಲ್ಯಾಪ್‌ಟಾಪಿನ ಬೆಲೆಪಟ್ಟಿಯಲ್ಲಿ ಇದು ಕಾಣಲ್ಲ. ಅದರಲ್ಲಿ ಮಾಡಿದ ಮೊದಲ ಮದುವೆ ಕಾರ್ಡಿನಲ್ಲೇ ಎಡವಿದೆ. ಮೇಲ್ಗಡೆಯ "ಶ್ರೀ ವೀರಭದ್ರೇಶ್ವರ ಪ್ರಸನ್ನ" ಸಾಲಿನಲ್ಲಿ ಶ್ರೀ ಒಡೆದು ಶ್ ಬೇರೆ, ರೀ ಬೇರೆ ಆಗಿತ್ತು. ಹುಡುಗಿಯ ಅಪ್ಪ ಪಕ್ಕದಲ್ಲೇ ಕೂತಿದ್ದರು, ಮುಖ ಸಣ್ಣದಾಯಿತು. ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿದ ಮೇಲೆ ಒತ್ತಕ್ಷರ ಕೂಡಿಕೊಂಡಿತು.

ನೋಟ್‌ಬುಕ್ಕನ್ನು ಜನವರಿಯಲ್ಲಿ ಮತ್ತೆ ಆರು ದಿನ ತುಂಬಿಸಿದೆ. 50 ನಿಮಿಷ ಬಂತು. ಉಳಿದ 2 ಗಂಟೆ 50 ನಿಮಿಷವನ್ನು ನಾನು ಕೆಲಸಕ್ಕೇ ಹಾಕಿದೆ ಅಂತೇನೂ ಹೇಳಲಾರೆ.

ಹಳೆಯದನ್ನು ಎಕ್ಸ್‌ಚೇಂಜಿಗೆ ಕೇಳಿದ್ದರು, ನಾಲ್ಕು ಸಾವಿರ. ಕೊಡಲಿಲ್ಲ. ವೈಫೈ ಆಫ್ ಮಾಡಿ ಮೂಲೆಯ ಟೇಬಲ್ಲಿನ ಮೇಲೆ ಇಟ್ಟಿದ್ದೇನೆ. ಹೋದ ತಿಂಗಳು ಒಬ್ಬರು ಮೇಷ್ಟ್ರು ಬಂದು ತಮ್ಮ 2012ರ ಕವನ ಸಂಕಲನಕ್ಕೆ ಎರಡನೇ ಮುದ್ರಣ ಮಾಡಬೇಕು ಅಂದರು. ನನ್ನ ಹನ್ನೊಂದರ ಪಟ್ಟಿಯಲ್ಲಿ ಅದು ಇರಲಿಲ್ಲ. ಮೂಲೆಯದನ್ನು ಆನ್ ಮಾಡಿ ಪೇಜ್‌ಮೇಕರ್ ತೆಗೆದೆ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತು ತಮ್ಮ ಕವಿತೆ ಓದತೊಡಗಿದರು. "ಇಲ್ಲೊಂದು ಸಾಲು ಬದಲಿಸಬೇಕಲ್ರೀ" ಅಂದರು.